ತಪ್ಪು ‘ಇಂಗ್’ನಲ್ಲಿ ಇರಲಿಲ್ಲ

ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ಹಾಗಿರುವಾಗ ಇಂಗ್ಲಿಷ್ ಪದಗಳ ಬಗ್ಗೆ ಅಭಿಪ್ರಾಯ ಬರೆಯಲು ಇವಳಿಗೇನು ಅರ್ಹತೆ ಎಂದು ಉಪನ್ಯಾಸಕರೂ ಸಹಪಾಠಿಗಳೂ ಕೇಳಬಹುದು. ಅರ್ಹತೆ ಇಷ್ಟೇ. ಅಭ್ಯಾಸ ಬೋಧನೆಗೆ ನಾನು ಹೋಗಿದ್ದ ಸರ್ಕಾರಿ ಪ್ರೌಢಶಾಲೆಯಲ್ಲಿ ಎರಡನೇ ವಾರ ಇಂಗ್ಲಿಷ್ ಶಿಕ್ಷಕಿ ರಜೆ ಹಾಕಿದರು. ಮುಖ್ಯ ಶಿಕ್ಷಕರು ನನ್ನನ್ನು ಕರೆದು, “ಒಂಬತ್ತನೇ ತರಗತಿ ಇಂಗ್ಲಿಷ್ ಪಿರಿಯಡ್ ಸ್ವಲ್ಪ ದಿವಸ ನೀವೇ ನೋಡ್ಕೊಳ್ಳಿ ಮೇಡಂ, ಏನಾದ್ರೂ ಬರೆಸ್ತಾ ಇರಿ” ಅಂದರು. ನಾನು ಬರೆಸಿದೆ. ಆ ಬರೆಸಿದ್ದರಲ್ಲಿ ಒಂದು ತಪ್ಪು ಮಾಡಿದೆ. ಆ ತಪ್ಪಿನಿಂದ ಕಲಿತದ್ದನ್ನು ಈ ಪತ್ರಿಕೆಯ ಓದುಗರ ಮುಂದೆ ಇಡುತ್ತಿದ್ದೇನೆ.

ಅಂದು ನಾನು ಕಪ್ಪುಹಲಗೆಯ ಮೇಲೆ ‘ಎ ಡೇ ಐ ವಾಸ್ ಅಪ್‌ಸೆಟ್’ ಎಂದು ಬರೆದು, “ಅಪ್‌ಸೆಟ್ ಅಂದ್ರೆ ಬೇಜಾರು. ನಿಮಗೆ ಬೇಜಾರಾದ ಒಂದು ದಿನದ ಬಗ್ಗೆ ಐದು ವಾಕ್ಯ ಬರೀರಿ” ಎಂದೆ. ನಲವತ್ತಕ್ಕೂ ಹೆಚ್ಚು ನೋಟ್ ಪುಸ್ತಕಗಳು ಬಂದವು. ಸಂಜೆ ಹಾಸ್ಟೆಲಿನಲ್ಲಿ ಕೂತು ಕೆಂಪು ಪೆನ್ನು ಹಿಡಿದು ತಿದ್ದಿದೆ. ಸುಮಾರು ಅರ್ಧದಷ್ಟು ಮಕ್ಕಳು ‘ಐ ಯಾಮ್ ಬೋರಿಂಗ್’ ಎಂದು ಬರೆದಿದ್ದರು. ಕೆಲವರದು ‘ಐ ಹ್ಯಾವ್ ಟೆನ್ಷನ್’. ಕೆಲವರದು ಬರೀ ‘ಐ ಫೀಲ್’, ಅಷ್ಟೇ, ಮುಂದೆ ಏನೂ ಇಲ್ಲ. ಒಬ್ಬ ಹುಡುಗ ‘ಐ ಯಾಮ್ ಡಿಸ್ಟರ್ಬಿಂಗ್ ಇನ್ ಹೋಮ್’ ಎಂದು ಬರೆದಿದ್ದ. ‘ಬೋರಿಂಗ್’ ಅನ್ನು ‘ಬೋರ್ಡ್’ ಎಂದು ತಿದ್ದಿ ತಿದ್ದಿ ಕೈ ಅದೇ ಓಟದಲ್ಲಿತ್ತು. ಅವನ ‘ಇಂಗ್’ ಅನ್ನೂ ಹೊಡೆದು ಹಾಕಿ ‘ಡಿಸ್ಟರ್ಬ್ಡ್’ ಎಂದು ಮೇಲೆ ಬರೆದು, ‘ಇನ್’ ತೆಗೆದು ‘ಅಟ್’ ಮಾಡಿ, ಮುಂದಿನ ಪುಸ್ತಕ ತೆಗೆದುಕೊಂಡೆ.

ಮರುದಿನ ಪುಸ್ತಕ ಹಿಂದಿರುಗಿಸಿದ ಮೇಲೆ ಆ ಹುಡುಗ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನ ಬಾಗಿಲ ಹತ್ತಿರ ನಿಂತ. “ಮಿಸ್, ‘ಎಡ್’ ಹಾಕಿದ್ರೆ ಬೇರೆಯವರು ನಂಗೆ ತೊಂದ್ರೆ ಕೊಡ್ತಾರೆ ಅಂತ ಆಗಲ್ವಾ?” ಎಂದ. ಹೌದು ಅಂದೆ. “ನಂಗ್ಯಾರೂ ಕೊಡಲ್ಲ ಮಿಸ್. ನಾನೇ ಅವ್ರಿಗೆ ಕೊಡ್ತಿರೋದು.” ಅವನು ಓದಿಗೋಸ್ಕರ ಸೋದರಮಾವನ ಮನೆಯಲ್ಲಿದ್ದಾನೆ. ಮನೆಯಲ್ಲಿ ಇರುವುದು ಒಂದು ಕೋಣೆ, ಒಂದು ಅಡುಗೆಮನೆ. ಮಾವನ ಮಗಳು ದ್ವಿತೀಯ ಪಿಯುಸಿ. ಇವನು ಗಟ್ಟಿಯಾಗಿ ಓದಿದರೂ, ದೀಪ ಹಾಕಿದರೂ, ಕೊನೆಗೆ ಕೆಮ್ಮಿದರೂ “ಡಿಸ್ಟರ್ಬ್ ಮಾಡ್ಬೇಡ” ಎಂಬ ಮಾತು. ಅವನಿಗೆ ಗೊತ್ತಿದ್ದ ಇಂಗ್ಲಿಷ್ ಪದ ಅದೊಂದೇ, ಅದೂ ಮನೆಯಲ್ಲೇ ಕಲಿತದ್ದು. ತನ್ನ ಬೇಜಾರು ಯಾವುದೆಂದು ಅವನು ಸರಿಯಾಗಿಯೇ ಹೇಳಿದ್ದ. ತಾನು ಆ ಮನೆಗೆ ಹೊರೆ ಎಂಬುದೇ ಅವನ ಬೇಜಾರು. ವಾಕ್ಯದಲ್ಲಿ ಕೊರತೆ ಇದ್ದದ್ದು ಕರ್ಮಪದದ್ದು. ‘ಡಿಸ್ಟರ್ಬಿಂಗ್’ ಆದ ಮೇಲೆ ‘ದೆಮ್’ ಎಂದು ಒಂದು ಪದ ಸೇರಿಸಿದ್ದರೆ ಸಾಕಿತ್ತು. ನಾನು ಮಾಡಿದ ತಿದ್ದುಪಡಿಯಿಂದ ವಾಕ್ಯ ವ್ಯಾಕರಣಕ್ಕೆ ಸರಿಹೋಯಿತು, ಆದರೆ ಅದು ಅವನು ಹೇಳದ ಮಾತಾಯಿತು. ಮನೆಯವರ ಮೇಲೆ ಅವನು ಹೊರಿಸದ ದೂರನ್ನು ನಾನು ಹೊರಿಸಿದ್ದೆ.

ಈ ಘಟನೆಯ ನಂತರ ನಾನು ತಲುಪಿದ ಅಭಿಪ್ರಾಯ ಇದು: ದುಃಖ, ಬೇಸರ, ಕಳವಳಗಳಿಗೆ ಸಂಬಂಧಿಸಿದ ಇಂಗ್ಲಿಷ್ ಪದಗಳನ್ನು ನಾವು ಸಮಾನಾರ್ಥಕ ಪದಗಳ ಪಟ್ಟಿಯಾಗಿ ಕಲಿಸಬಾರದು. ಮಗುವಿಗೆ ಏನನ್ನಿಸಿತು ಎಂಬುದನ್ನು ಮೊದಲು ಕನ್ನಡದಲ್ಲಿ ಬಿಡಿಸಿಕೊಂಡು, ಆಮೇಲೆ ಇಂಗ್ಲಿಷ್ ಪದ ಕೊಡಬೇಕು. ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಬೇಜಾರು ಎಂಬ ದೊಡ್ಡ ಚೀಲ

ಬೇಜಾರು ಪಾರ್ಸಿಯಿಂದ ಬಂದ ಪದ. ಕನ್ನಡದಲ್ಲಿ ಅದು ಎಷ್ಟು ಚೆನ್ನಾಗಿ ಒಗ್ಗಿಕೊಂಡಿದೆ ಎಂದರೆ, ಅದಕ್ಕೆ ಹಾಕದ ಕೆಲಸವಿಲ್ಲ. ಮಳೆಯಲ್ಲಿ ಮನೆಯಲ್ಲೇ ಕೂತಿದ್ದರೆ ಬೇಜಾರು. ಅಜ್ಜಿ ತೀರಿಕೊಂಡರೆ ಬೇಜಾರು. ಗೆಳತಿ ಮಾತು ಬಿಟ್ಟರೆ ಬೇಜಾರು. ಕೇಳಲು ಸಂಕೋಚವಾದರೆ “ಬೇಜಾರ್ ಮಾಡ್ಕೋಬೇಡಿ, ಒಂದು ಮಾತು” ಎನ್ನುತ್ತೇವೆ. ನಮ್ಮ ತರಗತಿಯಲ್ಲೇ ಕಲಬುರಗಿ ಕಡೆಯ ಗೆಳತಿ “ಬ್ಯಾಸರ ಆಗ್ಯದ” ಎಂದಾಗ ಅದು ಯಾವ ಬೇಸರ ಎಂದು ಅವಳ ಮುಖ ನೋಡಿ ತಿಳಿಯಬೇಕು. ಕನ್ನಡದಲ್ಲಿ ಇದರಿಂದ ತೊಂದರೆಯಿಲ್ಲ, ಸಂದರ್ಭ, ಧ್ವನಿ, ಮುಖ ಉಳಿದದ್ದನ್ನು ಹೇಳುತ್ತವೆ. ಆದರೆ ಬರವಣಿಗೆಯ ಇಂಗ್ಲಿಷಿನಲ್ಲಿ ಮುಖವಿಲ್ಲ. ‘ಬೋರ್ಡ್’ ಅಂದರೆ ಮಾಡಲು ಏನೂ ಇಲ್ಲದ ಬೇಜಾರು ಮಾತ್ರ. ಅಜ್ಜಿ ಸತ್ತಾಗ ‘ಐ ಯಾಮ್ ಬೋರ್ಡ್’ ಎಂದರೆ, ಅದು ಅಜ್ಜಿಗೆ ಅವಮಾನ. ನನ್ನ ಮಕ್ಕಳು ಹಾಗೆ ಬರೆದದ್ದು ಕಲ್ಲೆದೆಯಿಂದಲ್ಲ. ಬೇಜಾರಿಗೆ ಅವರಿಗೆ ಗೊತ್ತಿದ್ದ ಇಂಗ್ಲಿಷ್ ಬಾಗಿಲು ಒಂದೇ ಆಗಿತ್ತು.

ನಾನೇನು ಕಮ್ಮಿ? ‘ಅಪ್‌ಸೆಟ್ ಅಂದ್ರೆ ಬೇಜಾರು’ ಎಂದು ಹೇಳಿ ಅದೇ ಚೀಲವನ್ನು ಅವರ ಕೈಗೆ ಕೊಟ್ಟವಳು ನಾನು.

ಪದಗಳನ್ನು ಬೇರೆ ಮಾಡುವುದು ಹೇಗೆ

ವಿಜ್ಞಾನದ ವಿದ್ಯಾರ್ಥಿನಿಯಾದ್ದರಿಂದ ನನಗೆ ವರ್ಗೀಕರಣದ ಅಭ್ಯಾಸ. ನಿಘಂಟುಗಳನ್ನು ಇಟ್ಟುಕೊಂಡು ಕೂತಾಗ, ಈ ಪದಗಳನ್ನು ನಾಲ್ಕು ಪ್ರಶ್ನೆಗಳಿಂದ ವಿಂಗಡಿಸಬಹುದು ಎಂದು ಕಂಡಿತು.

ಮೊದಲನೆಯದು, ಆಗಿಹೋದದ್ದೋ ಆಗಬೇಕಾದದ್ದೋ? ‘ಅಪ್‌ಸೆಟ್’ ಸಾಮಾನ್ಯವಾಗಿ ಆಗಿಹೋದ ಸಂಗತಿಗೆ. ಅಂಕ ಕಡಿಮೆ ಬಂತು, ಅಪ್ಪ ಬೈದರು, ಅದಕ್ಕೆ ಅಪ್‌ಸೆಟ್. ‘ವರೀಡ್’ ಹೆಚ್ಚಾಗಿ ಮುಂದಿನದರ ಚಿಂತೆ: ಫಲಿತಾಂಶ ಏನಾಗುತ್ತದೋ, ಅಮ್ಮನ ಜ್ವರ ಇಳಿಯುತ್ತದೋ ಇಲ್ಲವೋ. ‘ನರ್ವಸ್’ ಇನ್ನೇನು ವೇದಿಕೆ ಹತ್ತಬೇಕು ಎನ್ನುವಾಗಿನ ಪುಕುಪುಕು. ‘ಆಂಕ್ಷಸ್’ ಕೂಡ ಮುಂದಿನದಕ್ಕೇ. ಆದರೆ ಅದಕ್ಕೆ ಎರಡು ಮುಖ. ‘ಆಂಕ್ಷಸ್ ಅಬೌಟ್’ ಎಂದರೆ ಆತಂಕ, ‘ಆಂಕ್ಷಸ್ ಟು’ ಎಂದರೆ ಒಂದು ಕೆಲಸ ಮಾಡಲು ತವಕ.

ಎರಡನೆಯದು, ಎಷ್ಟು? ‘ಬಾದರ್ಡ್’ ಸಣ್ಣದು, ‘ಸಾರಿ ಟು ಬಾದರ್ ಯೂ’ ಎಂದು ಅಪರಿಚಿತರಿಗೂ ಹೇಳುತ್ತಾರೆ. ‘ಡಿಸ್ಟ್ರೆಸ್ಡ್’ ದೊಡ್ಡದು. ಮುಳುಗುವ ಹಡಗು ಕಳಿಸುವ ಸಂಕೇತಕ್ಕೆ ‘ಡಿಸ್ಟ್ರೆಸ್ ಸಿಗ್ನಲ್’ ಎನ್ನುತ್ತಾರೆ ಎಂದು ಹೇಳಿದರೆ ಮಕ್ಕಳಿಗೆ ಅಳತೆ ಸಿಗುತ್ತದೆ. ಪೆನ್ಸಿಲ್ ಕಳೆದುಹೋದದ್ದಕ್ಕೆ ಆ ಪದ ಬೇಡ.

ಮೂರನೆಯದು, ಅದರಲ್ಲಿ ಸಿಟ್ಟು ಇದೆಯೋ? ‘ಅನಾಯ್ಡ್’ ಎಂದರೆ ಕಿರಿಕಿರಿ, ಸಣ್ಣ ಸಿಟ್ಟು. ‘ವರೀಡ್’ನಲ್ಲಿ ಸಿಟ್ಟು ಇಲ್ಲ. ‘ಅಪ್‌ಸೆಟ್’ನಲ್ಲಿ ಇರಬಹುದು, ಇಲ್ಲದಿರಬಹುದು. ‘ಅಪ್‌ಸೆಟ್ ವಿತ್ ಮೈ ಫ್ರೆಂಡ್’ ಎಂದರೆ ಮುನಿಸು, ‘ಅಪ್‌ಸೆಟ್ ಅಬೌಟ್ ಮೈ ಮಾರ್ಕ್ಸ್’ ಎಂದರೆ ನೋವು. ಇಲ್ಲಿ ‘ವಿತ್’, ‘ಅಬೌಟ್’ ಎಂಬ ಸಣ್ಣ ಪದಗಳೇ ಕೆಲಸ ಮಾಡುವುದು. ಬಿಟ್ಟ ಸ್ಥಳ ತುಂಬಿ ಎಂದು ಉಪಸರ್ಗಗಳನ್ನು ಬಾಯಿಪಾಠ ಮಾಡಿಸುವ ಬದಲು ಹೀಗೆ ಹೇಳಿದರೆ ಅವು ನೆನಪಿನಲ್ಲಿ ಉಳಿಯುತ್ತವೆ.

ನಾಲ್ಕನೆಯದು, ಎಷ್ಟು ಕಾಲದ್ದು? ‘ಟ್ರಬಲ್ಡ್’ ಎಂಬ ಪದ ಸಾಮಾನ್ಯವಾಗಿ ಒಂದು ಗಂಟೆಯ ಬೇಸರಕ್ಕಲ್ಲ, ಒಳಗೇ ಕೊರೆಯುತ್ತಿರುವ ವ್ಯಥೆಗೆ. ಇದರ ಜೊತೆಯಲ್ಲೇ ಹೇಳಬೇಕಾದ ಎಚ್ಚರಿಕೆ, ‘ಐ ಯಾಮ್ ಇನ್ ಟ್ರಬಲ್’ ಬೇರೆ ಮಾತು. ಅದು ಸಿಕ್ಕಿಬಿದ್ದೆ, ಇನ್ನು ಏಟು ಗ್ಯಾರಂಟಿ ಎನ್ನುವ ಸ್ಥಿತಿ.

‘ಅಪ್‌ಸೆಟ್’ ಪದದ ಬಗ್ಗೆ ಇನ್ನೆರಡು ಮಾತು. ಕ್ರಿಯಾಪದವಾದಾಗ ಅದರ ಭೂತಕಾಲವೂ ‘ಅಪ್‌ಸೆಟ್’ ಎಂದೇ, ‘ಅಪ್‌ಸೆಟೆಡ್’ ಅಲ್ಲ. ಭಾವನೆ ಹೇಳುವಾಗ ಒತ್ತು ‘ಸೆಟ್’ ಮೇಲೆ, ಪಂದ್ಯದಲ್ಲಿ ಸಣ್ಣ ತಂಡ ದೊಡ್ಡ ತಂಡವನ್ನು ಸೋಲಿಸಿದ ‘ಅಪ್‌ಸೆಟ್’ ಹೇಳುವಾಗ ಒತ್ತು ‘ಅಪ್’ ಮೇಲೆ. ಕ್ರಿಕೆಟ್ ನೋಡುವ ಹುಡುಗರು ಇದನ್ನು ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ನಮ್ಮ ಟೆನ್ಷನ್, ನಮ್ಮ ಫೀಲಿಂಗ್

‘ಟೆನ್ಷನ್’ ಈಗ ಕನ್ನಡ ಪದವೇ. ಬಸ್ ತಡವಾದರೆ, ಸಾಲದ ಕಂತು ಬಾಕಿ ಇದ್ದರೆ, ವೀಕ್ಷಣೆಗೆ ಉಪನ್ಯಾಸಕರು ಬಂದು ಹಿಂದಿನ ಬೆಂಚಿನಲ್ಲಿ ಕೂತರೆ, ಎಲ್ಲಕ್ಕೂ ಟೆನ್ಷನ್. ಭೌತವಿಜ್ಞಾನದಲ್ಲಿ ಅದು ಹಗ್ಗದ ಎಳೆತ. ಲ್ಯಾಟಿನ್ನಿನ ‘ಹಿಗ್ಗಿಸು, ಎಳೆ’ ಎಂಬ ಮೂಲದಿಂದ ಬಂದ ಪದ. ದಾರಕ್ಕೆ ತೂಕ ಕಟ್ಟಿ ತೂಗುಹಾಕಿ ತೋರಿಸಿದರೆ ಮನಸ್ಸಿನ ಟೆನ್ಷನ್ ಏಕೆ ಆ ಹೆಸರು ಪಡೆಯಿತು ಎಂದು ಎಂಟನೇ ತರಗತಿಯ ಮಗುವಿಗೂ ತಿಳಿಯುತ್ತದೆ. ‘ಸ್ಟ್ರೆಸ್’ ಕೂಡ ಹಾಗೆಯೇ. ನಾವು ಬಿಎಸ್‌ಸಿಯಲ್ಲಿ ಅದನ್ನು ಬಲ ಭಾಗಿಸು ವಿಸ್ತೀರ್ಣ ಎಂದು ಓದಿದೆವು. 20ನೇ ಶತಮಾನದಲ್ಲಿ ಹಾನ್ಸ್ ಸೆಲ್ಯೆ ಅವರಂತಹ ವಿಜ್ಞಾನಿಗಳ ಬರವಣಿಗೆಯಿಂದ ಅದು ದೇಹ, ಮನಸ್ಸುಗಳ ಒತ್ತಡದ ಮಾತಾಗಿ ಜನಪ್ರಿಯವಾಯಿತು.

‘ಐ ಹ್ಯಾವ್ ಟೆನ್ಷನ್’ ತಪ್ಪೇ? ಭಾರತದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಹಾಗಾಗಿ ಅದನ್ನು ಕೆಂಪು ಪೆನ್ನಿನಿಂದ ಗೀಚಿ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಬೇರೆ ದೇಶದ ಓದುಗನಿಗೆ ‘ಐ ಯಾಮ್ ವರೀಡ್’ ಅಥವಾ ‘ಸ್ಟ್ರೆಸ್ಡ್’ ಹೆಚ್ಚು ಸಹಜ ಎಂದು ಪಕ್ಕದಲ್ಲಿ ಬರೆದು ಕೊಡಬೇಕು. ‘ಫೀಲ್’ನ ಕಥೆ ಬೇರೆ. “ಅವನು ತುಂಬಾ ಫೀಲ್ ಆದ” ಎಂದು ಕನ್ನಡದಲ್ಲಿ ಹೇಳಿದರೆ ನೊಂದುಕೊಂಡ ಎಂದರ್ಥ. ಇಂಗ್ಲಿಷಿನಲ್ಲಿ ‘ಹೀ ಫೆಲ್ಟ್’ ಎಂದು ನಿಲ್ಲಿಸಿದರೆ ಕೇಳುವವರು ಮುಂದಿನ ಪದಕ್ಕೆ ಕಾಯುತ್ತಾರೆ: ಏನನ್ನಿಸಿತು? ‘ಹರ್ಟ್’, ‘ಬ್ಯಾಡ್’, ‘ಲೆಫ್ಟ್ ಔಟ್’, ಏನಾದರೂ ಒಂದು ಬೇಕು. ಆ ಖಾಲಿ ಜಾಗವೇ ಶಿಕ್ಷಕರಿಗೆ ಸಿಕ್ಕ ಅವಕಾಶ. “ಫೀಲ್ ಸರಿ, ಏನ್ ಫೀಲ್?” ಎಂದು ಕೇಳಬಹುದು.

ನನಗೆ ಬೇಜಾರು, ಐ ಯಾಮ್ ಅಪ್‌ಸೆಟ್

ಮಕ್ಕಳ ತಪ್ಪಿಗೆ ಇನ್ನೂ ಆಳದ ಕಾರಣವೊಂದಿದೆ. ಕನ್ನಡದಲ್ಲಿ ಭಾವನೆ ನಮಗೆ ಬರುತ್ತದೆ. ‘ನನಗೆ ಬೇಜಾರಾಗಿದೆ’, ‘ನನಗೆ ಗಾಬರಿಯಾಯಿತು’, ‘ನನಗೆ ಸಂಕಟವಾಗುತ್ತಿದೆ’. ಇಲ್ಲೆಲ್ಲ ‘ನಾನು’ ಇಲ್ಲ, ಚತುರ್ಥಿ ವಿಭಕ್ತಿಯ ‘ನನಗೆ’ ಇದೆ. ಇಂಗ್ಲಿಷಿನಲ್ಲಿ ‘ಐ’ ಎಂದೇ ಶುರುಮಾಡಬೇಕು. ಹಾಗೆ ಶುರುಮಾಡಿದ ಕೂಡಲೇ ಮಗುವಿಗೆ ತಾನು ಏನೋ ಮಾಡುತ್ತಿರುವಂತೆ ಅನ್ನಿಸಿ ‘ಇಂಗ್’ ಬಂದುಬಿಡುತ್ತದೆ. ‘ಐ ಯಾಮ್ ಗೋಯಿಂಗ್’ ಇದ್ದ ಹಾಗೆ ‘ಐ ಯಾಮ್ ಬೋರಿಂಗ್’. ಅದರ ಅರ್ಥ ‘ನನ್ನಿಂದ ಬೇರೆಯವರಿಗೆ ಬೇಜಾರು’ ಎಂದಾಗುತ್ತದೆ ಎಂದು ಹೇಳಿದರೆ ತರಗತಿ ನಗುತ್ತದೆ, ನಿಯಮವೂ ನೆನಪಿರುತ್ತದೆ. ಯಾರಿಗೆ ಅನ್ನಿಸಿತೋ ಅವರಿಗೆ ‘ಎಡ್’, ಯಾವುದರಿಂದ ಅನ್ನಿಸಿತೋ ಅದಕ್ಕೆ ‘ಇಂಗ್’.

ನಿಯಮ ಒಳ್ಳೆಯದೇ. ನನ್ನ ತಪ್ಪು, ನಿಯಮ ಗೊತ್ತಿದೆ ಎಂಬ ಧೈರ್ಯದಲ್ಲಿ ಹುಡುಗನನ್ನು ಕೇಳದೆ ತಿದ್ದಿದ್ದು. ನಲವತ್ತು ಮಕ್ಕಳಲ್ಲಿ ‘ನನ್ನಿಂದ ಬೇರೆಯವರಿಗೆ’ ಎಂದು ನಿಜವಾಗಿಯೂ ಹೇಳಬೇಕಾದವನು ಒಬ್ಬನಿದ್ದ.

ಮಾತಿನ ಮೂಲವನ್ನು ತೋರಿಸಿದರೂ ಸಹಾಯವಾಗುತ್ತದೆ. ‘ಅಪ್‌ಸೆಟ್’ ಎಂದರೆ ತಲೆಕೆಳಗು ಮಾಡು, ಉರುಳಿಸು ಎಂಬ ಅರ್ಥವೂ ಇದೆ: ದೋಣಿ ಮಗುಚಿದರೂ ‘ಅಪ್‌ಸೆಟ್’. ‘ಡಿಸ್ಟರ್ಬ್’ನೊಳಗೆ ಗದ್ದಲ, ಗುಂಪು ಎನ್ನುವ ಲ್ಯಾಟಿನ್ ಪದವಿದೆ. ‘ವರಿ’ ಹಳೆಯ ಇಂಗ್ಲಿಷಿನಲ್ಲಿ ಕತ್ತು ಹಿಸುಕು ಎಂದಿತ್ತು, ‘ಆಂಕ್ಷಸ್’ನ ಮೂಲದಲ್ಲೂ ಉಸಿರುಗಟ್ಟಿಸುವ ಅರ್ಥವಿದೆ. ಇವೆಲ್ಲ ನಮ್ಮ ಮಕ್ಕಳಿಗೆ ಹೊಸತಲ್ಲ. ಕನ್ನಡದಲ್ಲೂ ಮನಸ್ಸು ಕದಡುತ್ತದೆ, ಎಲ್ಲ ತಲೆಕೆಳಗಾಗುತ್ತದೆ, ದುಃಖಕ್ಕೆ ಗಂಟಲು ಕಟ್ಟುತ್ತದೆ. ಎರಡು ಭಾಷೆಗಳೂ ದೇಹದಿಂದಲೇ ನೋವನ್ನು ಹೆಸರಿಸಿವೆ ಎಂದು ಕಂಡಾಗ ಇಂಗ್ಲಿಷ್ ಅಷ್ಟು ಪರಕೀಯವೆನಿಸುವುದಿಲ್ಲ.

ನಮ್ಮ ದಾಖಲೆಗಳಲ್ಲೂ ಇದೇ ರೋಗ

ಮಕ್ಕಳ ಮಾತು ಬಿಡಿ. ಬಿಎಡ್‌ನಲ್ಲಿ ನಾವು ಸಲ್ಲಿಸುವ ವ್ಯಕ್ತಿ ಅಧ್ಯಯನಗಳನ್ನು ನೋಡಿ. ತರಗತಿಯಲ್ಲಿ ಸುಮ್ಮನೆ ಕೂರುವ, ಮನೆಗೆಲಸ ತರದ, ಕಣ್ಣು ತಪ್ಪಿಸುವ ಮಗುವಿಗೆ ನಾವು ಸಲೀಸಾಗಿ ‘ಡಿಸ್ಟರ್ಬ್ಡ್ ಚೈಲ್ಡ್’ ಎಂದು ಬರೆಯುತ್ತೇವೆ. ನಾನೂ ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಒಬ್ಬರನ್ನು ‘ಡಿಸ್ಟರ್ಬ್ಡ್’ ಎಂದು ಕರೆದರೆ ಅದು ಮಾನಸಿಕ ಅಸ್ವಸ್ಥತೆಯ ಸೂಚನೆಯಾಗಬಹುದು. ಅದನ್ನು ಹೇಳಲು ನಮಗೆ ತರಬೇತಿಯೂ ಇಲ್ಲ, ಅಧಿಕಾರವೂ ಇಲ್ಲ. ‘ಎರಡು ವಾರದಿಂದ ಊಟದ ಬಿಡುವಿನಲ್ಲಿ ಒಬ್ಬಳೇ ಕೂರುತ್ತಾಳೆ’ ಎಂದು ಕಂಡದ್ದನ್ನು ಬರೆಯೋಣ. ಮಗುವಿನ ಹೆಸರಿನ ಮುಂದೆ ನಾವು ಇಡುವ ವಿಶೇಷಣ ದಾಖಲೆಯಲ್ಲಿ ಉಳಿಯುತ್ತದೆ, ನಾವು ಮಾತ್ರ ಅಭ್ಯಾಸ ಬೋಧನೆ ಮುಗಿಸಿ ಹೊರಟುಬಿಡುತ್ತೇವೆ. ಮೌಲ್ಯಮಾಪನ ಮಾಡುವ ಉಪನ್ಯಾಸಕರು ಇಂತಹ ಪದ ಕಂಡಲ್ಲಿ “ಇದಕ್ಕೆ ಆಧಾರ?” ಎಂದು ಅಂಚಿನಲ್ಲಿ ಬರೆದರೆ ನಮಗೆ ಉಪಕಾರವಾಗುತ್ತದೆ.

ಆಕ್ಷೇಪಗಳು

ನನ್ನ ಅಭಿಪ್ರಾಯವನ್ನು ಕಾಲೇಜಿನಲ್ಲಿ ಹೇಳಿದಾಗ ಮೂರು ಆಕ್ಷೇಪಗಳು ಬಂದವು. ಮೂರರಲ್ಲೂ ಹುರುಳಿದೆ.

ಇಂಗ್ಲಿಷ್ ಪಿರಿಯಡ್‌ನಲ್ಲಿ ಕನ್ನಡ ಬಳಸಿದರೆ ಮಕ್ಕಳು ಇಂಗ್ಲಿಷ್ ಕಲಿಯುವುದು ಯಾವಾಗ ಎಂಬುದು ಮೊದಲನೆಯದು. ಇಡೀ ಪಾಠ ಕನ್ನಡದಲ್ಲಿ ಆಗಲಿ ಎಂದು ನಾನು ಹೇಳುತ್ತಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಹುಭಾಷಿಕತೆಯನ್ನು ಸಂಪನ್ಮೂಲವಾಗಿ ನೋಡಬೇಕೆಂದಿದೆ. ನಾವದನ್ನು ಪರೀಕ್ಷೆಗೆ ಓದಿ, ತರಗತಿಯ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗುತ್ತೇವೆ. ಪೆನ್ಸಿಲ್, ಮೇಜು ಕಲಿಸಲು ವಸ್ತು ತೋರಿಸಬಹುದು. ಕಳವಳವನ್ನು ತೋರಿಸಲು ಮಗುವಿನ ಭಾಷೆ ಬಿಟ್ಟು ಬೇರೆ ಬೋಧನೋಪಕರಣವಿಲ್ಲ.

ಪಠ್ಯ ಮುಗಿಸಲೇ ಸಮಯವಿಲ್ಲ, ಎಸ್ಎಸ್ಎಲ್‌ಸಿಯಲ್ಲಿ ಇದನ್ನು ಯಾರು ಕೇಳುತ್ತಾರೆ ಎಂಬುದು ಎರಡನೆಯದು. ಪತ್ರಲೇಖನ ಕೇಳುತ್ತಾರೆ, ಪಾತ್ರದ ಬಗ್ಗೆ ಬರೆಯಲು ಕೇಳುತ್ತಾರೆ. ಗದ್ಯದ ಪಾತ್ರಕ್ಕೆ ಏನನ್ನಿಸಿತು ಎಂಬಲ್ಲಿ ಎಲ್ಲರೂ ‘ಸ್ಯಾಡ್’ ಎಂದು ಬರೆದು ಮುಗಿಸುತ್ತಾರೆ. ಇದಕ್ಕೆ ಬೇಕಾದದ್ದು ಒಂದು ಪಿರಿಯಡ್, ಆಮೇಲೆ ಆಗಾಗ ಐದು ನಿಮಿಷ.

ಮೂರನೆಯದು ಗಂಭೀರವಾದದ್ದು. ನಿನಗೆ ನೋವಾದದ್ದನ್ನು ಬರೆ ಎಂದು ಮಗುವಿಗೆ ಹೇಳಿದರೆ, ಬರೆದ ಮೇಲೆ ನಾವು ಏನು ಮಾಡುತ್ತೇವೆ? ಕೆಲವೇ ವಾರ ಇರುವ ಪ್ರಶಿಕ್ಷಣಾರ್ಥಿ ಗಾಯ ಬಿಚ್ಚಿಸಿ ಹೊರಟುಹೋಗುವುದು ಸರಿಯೇ? ಈ ಮಾತಿಗೆ ನಾನು ತಲೆಬಾಗುತ್ತೇನೆ. ‘ನಿನ್ನ ಬೇಜಾರಿನ ದಿನ’ ಎಂಬ ನನ್ನ ವಿಷಯವೇ ಯೋಚನೆಯಿಲ್ಲದ್ದಾಗಿತ್ತು. ಕಾಲ್ಪನಿಕ ಪಾತ್ರದ ಬಗ್ಗೆ ಬರೆಸಬೇಕು, ತನ್ನದನ್ನೇ ಬರೆಯುವವರು ಬರೆಯಲಿ. ಯಾರ ಬರಹವನ್ನೂ ತರಗತಿಯಲ್ಲಿ ಗಟ್ಟಿಯಾಗಿ ಓದಬಾರದು. ಚಿಂತೆಗೆ ಕಾರಣವಾಗುವಂಥದ್ದು ಕಂಡರೆ ಮಗುವಿಗೆ ತಿಳಿಸಿಯೇ ತರಗತಿ ಶಿಕ್ಷಕರಿಗೆ ಹೇಳಬೇಕು. ಮಕ್ಕಳ ಸಹಾಯವಾಣಿ 1098 ಎಲ್ಲ ಮಕ್ಕಳಿಗೂ ತಿಳಿದಿರಬೇಕು. ಪದ ಕಲಿಸುವುದು ಆಪ್ತಸಮಾಲೋಚನೆ ಅಲ್ಲ. ಆದರೆ ಸಹಾಯ ಕೇಳಬೇಕಾದ ದಿನ ಮಗುವಿಗೆ ಬೇಕಾಗುವುದು ಮೊದಲು ಪದವೇ.

ಒಂದು ಪಿರಿಯಡ್‌ನ ಪಾಠ

ಆ ಹುಡುಗ ಬಂದು ಹೋದ ಮರುವಾರ ನಾನು ಮಾಡಿದ ಪಾಠ ಹೀಗಿತ್ತು. ಹಲಗೆಯನ್ನು ಎರಡು ಭಾಗ ಮಾಡಿದೆ. ಎಡಕ್ಕೆ ಮಕ್ಕಳಿಂದಲೇ ಕನ್ನಡ ಪದಗಳು: ಬೇಜಾರು, ಚಿಂತೆ, ಗಾಬರಿ, ಕಿರಿಕಿರಿ, ಮುನಿಸು, ಸಂಕಟ, ತಳಮಳ, ದಿಗಿಲು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು “ಹೊಟ್ಟೆ ತೊಳಸಿದ ಹಾಗೆ” ಎಂದಳು, ಅದನ್ನೂ ಬರೆದೆ. ಆಮೇಲೆ ಆರು ಸನ್ನಿವೇಶ ಹೇಳಿದೆ: ಕೊನೆಯ ಬಸ್ಸು ತಪ್ಪಿತು, ಗೆಳತಿ ಗುಟ್ಟು ಬಯಲು ಮಾಡಿದಳು, ಅಪ್ಪ ಇನ್ನೂ ಮನೆಗೆ ಬಂದಿಲ್ಲ, ಪಕ್ಕದವನು ಬೆಂಚು ಅಲ್ಲಾಡಿಸುತ್ತಿದ್ದಾನೆ, ಹಸು ಸತ್ತಿತು, ನಾಳೆ ಭಾಷಣ. ಪ್ರತಿಯೊಂದಕ್ಕೂ ಎಡಗಡೆಯ ಯಾವ ಪದ ಎಂದು ಅವರೇ ವಾದ ಮಾಡಿ ಆರಿಸಿದರು. ಆ ಬಳಿಕವೇ ಬಲಗಡೆ ಇಂಗ್ಲಿಷ್ ಪದ, ಅದರ ಜೊತೆಗಿನ ‘ಅಬೌಟ್’, ‘ವಿತ್’, ‘ಬೈ’. ಕೊನೆಯ ಹತ್ತು ನಿಮಿಷ ಎರಡೆರಡು ವಾಕ್ಯ: ಯಾರಿಗೆ ಅನ್ನಿಸಿತು, ಯಾವುದರಿಂದ ಅನ್ನಿಸಿತು. ‘ದ ನ್ಯೂಸ್ ವಾಸ್ ಡಿಸ್ಟರ್ಬಿಂಗ್. ವೀ ವರ್ ಅಪ್‌ಸೆಟ್ ಬೈ ಇಟ್.’

ಹಸು ಸತ್ತದ್ದಕ್ಕೆ ‘ಅಪ್‌ಸೆಟ್’ ಸಾಕೇ ‘ಡಿಸ್ಟ್ರೆಸ್ಡ್’ ಬೇಕೇ ಎಂದು ಜಗಳವಾಯಿತು. “ಒಂದೇ ಹಸು ಇದ್ರೆ ಡಿಸ್ಟ್ರೆಸ್ಡ್ ಮಿಸ್” ಎಂದ ಒಬ್ಬ. ನನ್ನ ನಿಘಂಟಿನಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಇರಲಿಲ್ಲ. ಪಾಠದಲ್ಲಿ ಕೊರತೆಯೂ ಇತ್ತು. ಪದಗಳು ಹೆಚ್ಚಾದವು, ಕೊನೆಯ ಸಾಲಿನ ಕೆಲವರು ಬರೀ ಹಲಗೆ ನೋಡಿ ಬರೆದುಕೊಂಡರು. ಮತ್ತೆ ಮಾಡುವುದಾದರೆ ಒಮ್ಮೆಗೆ ನಾಲ್ಕೇ ಪದ ಇಟ್ಟುಕೊಳ್ಳುತ್ತೇನೆ.

ಆ ಹುಡುಗನ ಪುಸ್ತಕದಲ್ಲಿ ನನ್ನ ತಿದ್ದುಪಡಿಯನ್ನು ನಾನೇ ಹೊಡೆದು ಹಾಕಿ, ಅವನ ‘ಡಿಸ್ಟರ್ಬಿಂಗ್’ ಅನ್ನು ಮರಳಿ ಬರೆದು, ಪಕ್ಕದಲ್ಲಿ ‘ದೆಮ್’ ಸೇರಿಸಿ ಸಹಿ ಹಾಕಿದೆ. ಅವನ ಒಪ್ಪಿಗೆ ಕೇಳಿ ತರಗತಿ ಶಿಕ್ಷಕರಿಗೆ ವಿಷಯ ತಿಳಿಸಿದೆ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ವಾಚನಾಲಯದಲ್ಲಿ ಕೂತು ಓದಲು ಅವರು ಅವನಿಗೆ ಅನುಮತಿ ಕೊಡಿಸಿದರು. ಮನೆಯಲ್ಲಿ ಏನು ಬದಲಾಯಿತೋ ನಾನು ಕೇಳಲಿಲ್ಲ, ಅಷ್ಟರಲ್ಲಿ ನಮ್ಮ ಅವಧಿ ಮುಗಿದಿತ್ತು.

ಮುಂದಿನ ತಂಡ ಅಭ್ಯಾಸ ಬೋಧನೆಗೆ ಹೊರಡುವ ಮುನ್ನ ಸಹ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ಕೋರಿಕೆ ಒಂದೇ. ಮಗು ತನ್ನ ಬಗ್ಗೆ ಬರೆದ ವಾಕ್ಯದಲ್ಲಿ ತಪ್ಪು ಕಂಡರೆ, ಪೆನ್ನಿನ ಮುಚ್ಚಳ ತೆಗೆಯುವ ಮೊದಲು ಕರೆದು, ಅದರ ಭಾಷೆಯಲ್ಲೇ “ಇಲ್ಲಿ ಏನ್ ಹೇಳೋಕೆ ಹೊರಟಿದ್ದೆ?” ಎಂದು ಕೇಳಿ. ಅರ್ಧ ನಿಮಿಷದ ಕೆಲಸ. ತಿದ್ದುವುದು ಆಮೇಲೆ ಇದ್ದೇ ಇದೆ.